ಪೆಟ್ಟಿಗೆಯೊಳಗಿನ ಸದ್ದು

ಏರು ಮುಗಿದು ಇಳಿಜಾರು ಶುರುವಾದ ಕೂಡಲೇ ಅವನು ಪೆಡಲ್ ತುಳಿಯುವುದನ್ನು ನಿಲ್ಲಿಸಿ ಹಿಂದಕ್ಕೆ ಕಿವಿಗೊಟ್ಟ. ಕ್ಯಾರಿಯರ್ ಮೇಲೆ ಹಗ್ಗ ಬಿಗಿದು ಕಟ್ಟಿದ ಮರದ ಪೆಟ್ಟಿಗೆ, ಪೆಟ್ಟಿಗೆಯ ತುಂಬ ಒಣಹುಲ್ಲು, ಹುಲ್ಲಿನ ನಡುವೆ ಹೆಂಡತಿಯ ಹಳೆಯ ಶಾಲು, ಶಾಲಿನೊಳಗೆ ಹೆಂಡತಿಯ ಕ್ಯಾಮೆರಾ. ಗಾಳಿಯ ಸದ್ದು, ಚೈನಿನ ಸದ್ದು, ಮಡ್‌ಗಾರ್ಡಿನ ಲಟಲಟ, ಎಲ್ಲವನ್ನೂ ಒಂದೊಂದಾಗಿ ಬದಿಗೆ ಸರಿಸಿ ಅವುಗಳ ಕೆಳಗಿರಬಹುದಾದ ಇನ್ನೊಂದು ಸದ್ದಿಗಾಗಿ ಕಾದ. ಬರಲಿಲ್ಲ. ಬರಲಿಲ್ಲವೆಂದು ಖುಷಿಪಡುವಷ್ಟರಲ್ಲಿ ರಸ್ತೆಯಲ್ಲೊಂದು ಸಣ್ಣ ಗುಂಡಿ ಸಿಕ್ಕಿ ಹಿಂದಿನ ಚಕ್ರ ಹಾರಿತು, ಪೆಟ್ಟಿಗೆಯೊಳಗೆ ಏನೋ ಕಿಣಿಕ್ ಎಂದಿತು. ನಿನ್ನೆ ಸಂಜೆ ಲಾಡ್ಜಿನ ಮೆಟ್ಟಿಲು ಹತ್ತುವಾಗ ಕೇಳಿದ್ದೂ ಇದೇ ಸದ್ದು. ನಿನ್ನೆ ಅದು ಜೇಬಿನಲ್ಲಿದ್ದ ಕೀಲಿಗೊಂಚಲಿನದು ಎಂದು ತನಗೆ ತಾನೇ ಹೇಳಿಕೊಂಡಿದ್ದ. ಇವತ್ತು ಬೆಳಿಗ್ಗೆ, ಅನುಮಾನ ಪರಿಹಾರವಾಗಲಿ ಎಂದು, ಕೀಲಿಗೊಂಚಲನ್ನು ಕರವಸ್ತ್ರದಲ್ಲಿ ಸುತ್ತಿ ಗಂಟು ಹಾಕಿ ಇಟ್ಟುಕೊಂಡಿದ್ದ. ಅನುಮಾನವೇನೋ ಪರಿಹಾರವಾಯಿತು.

"ಯಾಕ್ರೀ ನಿಧಾನ ಮಾಡಿದ್ರಿ?" ಹಿಂದಿನಿಂದ ಹೆಂಡತಿ ಕೂಗಿದಳು.

"ಏನಿಲ್ಲ, ಗುಂಡಿ ಇದೆ, ನೋಡ್ಕೊಂಡು ಬಾ."

"ಅದನ್ನ ನೀವು ದಾಟಿ ಆಯ್ತಲ್ಲ! ನಾನೂ ದಾಟಿದೆ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನ ಕೈ ತಾನಾಗಿಯೇ ಹಿಂದೆ ಹೋಗಿ ಪೆಟ್ಟಿಗೆಯ ಹಗ್ಗವನ್ನು ಮುಟ್ಟಿ ಬಂತು. ಹಗ್ಗ ಬಿಗಿಯಾಗಿಯೇ ಇತ್ತು. ಹಗ್ಗದ ಮೇಲೆ ಯಾರೂ ತಪ್ಪು ಹೊರಿಸುವಂತಿರಲಿಲ್ಲ.

ಗಾಜಿನ ಕಾರ್ಖಾನೆಯ ಪ್ಯಾಕಿಂಗ್ ಶೆಡ್ಡಿನಲ್ಲಿ ತಲೆಗೂದಲು ನರೆಸಿಕೊಂಡವನು ಅವನು. ಆ ಶೆಡ್ಡಿಗೆ ಇದ್ದದ್ದು ಒಂದೇ ಮಂತ್ರ, ಅಲುಗಾಡಬಾರದು. ದೀಪದ ಬುರುಡೆಯಿರಲಿ, ಹೂದಾನಿಯಿರಲಿ, ಔಷಧಿಯ ಸೀಸೆಯಿರಲಿ, ಹುಲ್ಲನ್ನು ಎಷ್ಟು ತುರುಕಬೇಕು, ಎಲ್ಲಿ ಬೆರಳಿನಿಂದ ಒತ್ತಬೇಕು, ಎಲ್ಲಿ ಅಂಗೈಯಿಂದ, ಎಲ್ಲ ಅವನ ಕೈಗೆ ಗೊತ್ತಿತ್ತು. ತಲೆಗೆ ಗೊತ್ತಿತ್ತೋ ಇಲ್ಲವೋ ಹೇಳುವುದು ಕಷ್ಟ. ಮುಚ್ಚಳಕ್ಕೆ ಮೊಳೆ ಹೊಡೆಯುವ ಮುಂಚೆ ಪೆಟ್ಟಿಗೆಯನ್ನು ಎತ್ತಿ ಕಿವಿಯ ಹತ್ತಿರ ಒಮ್ಮೆ ಕುಲುಕುವನು. ಸದ್ದು ಬಂದರೆ ಪೆಟ್ಟಿಗೆ ವಾಪಸ್ಸು, ಯಾರದ್ದಾದರೂ ಸರಿ. ಅವನು ಕಟ್ಟಿದ ಪೆಟ್ಟಿಗೆಯಿಂದ ಒಡೆದ ಮಾಲು ಹಿಂತಿರುಗಿ ಬಂದದ್ದನ್ನು ಕಂಡವರಿಲ್ಲ. ಜೊತೆಯವರು ಅವನಿಗೆ ಸೂಲಗಿತ್ತಿ ಎಂದು ಅಡ್ಡಹೆಸರಿಟ್ಟು ನಗುತ್ತಿದ್ದರು. ಅವನೂ ನಗುತ್ತಿದ್ದ, ಒಳಗೊಳಗೆ ಹಿಗ್ಗುತ್ತಿದ್ದ. ಹೆಂಡತಿ ತನ್ನ ಸಂಬಳದಲ್ಲಿ ಉಳಿಸಿದ್ದರಲ್ಲಿ ಕ್ಯಾಮೆರಾ ಕೊಂಡು ತಂದು, ಸೈಕಲ್ ಮೇಲೆ ಹೊರಡುವ ದಿನ ಅದನ್ನು ಕತ್ತಿಗೆ ನೇತುಹಾಕಿಕೊಂಡು ಬಾಗಿಲಲ್ಲಿ ನಿಂತಾಗ, ಅವನಿಗೆ ಮೊದಲು ಕಂಡದ್ದು ಕ್ಯಾಮೆರಾ ಅಲ್ಲ, ಅದು ಒಡೆಯಬಹುದಾದ ನಾನಾ ಬಗೆ. "ಬಿದ್ದರೆ ಅದರ ಮೇಲೇ ಬೀಳ್ತೀಯಲ್ಲೇ," ಎಂದಿದ್ದ. "ಅಂಗಡಿಯವರು ಮೈಮೇಲೇ ಇರಲಿ ಅಂದ್ರು," ಎಂದಳು. "ಗಾಡಿಯ ನಡುಕ ಇದಕ್ಕೆ ಆಗಲ್ಲವಂತೆ, ಮೈ ಆದ್ರೆ ನಡುಕನ ತಾನೇ ತಿಂದ್ಕೊಳ್ಳುತ್ತಂತೆ." ಅವನು ನಕ್ಕುಬಿಟ್ಟಿದ್ದ. ಮಾರುವವನಿಗೆ ಮಾರುವುದು ಗೊತ್ತು, ಕಳಿಸುವುದು ಗೊತ್ತೇ? ಹಾಗೆ ಹೇಳಿ ಪೆಟ್ಟಿಗೆ ತಂದ. ಅವಳು ಕತ್ತಿನಿಂದ ಪಟ್ಟಿಯನ್ನು ತೆಗೆದು ಅವನ ಕೈಗೆ ಕೊಟ್ಟು, "ಇರಲಿ ಬಿಡಿ," ಎಂದಳು.

ಆ ಇರಲಿ ಬಿಡಿ ದಾರಿಯುದ್ದಕ್ಕೂ ಜೊತೆಗೇ ಬಂತು. ಮೊದಮೊದಲು ಅವಳು "ರೀ, ನಿಲ್ಲಿಸಿ ನಿಲ್ಲಿಸಿ" ಎನ್ನುತ್ತಿದ್ದಳು. ಕೆರೆಯ ಏರಿಯ ಮೇಲೆ ಬಾತುಕೋಳಿಗಳ ಸಾಲು ರಸ್ತೆ ದಾಟುತ್ತಿತ್ತು. ಅವನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಹಗ್ಗದ ಗಂಟು ಬಿಚ್ಚಿ, ಹುಲ್ಲು ನೆಲಕ್ಕೆ ಚೆಲ್ಲದಂತೆ ಒಂದೊಂದೇ ಹಿಡಿ ತೆಗೆದು ಮುಚ್ಚಳದ ಮೇಲಿಟ್ಟು, ಶಾಲಿನ ಮಡಿಕೆ ಬಿಡಿಸಿ ಕ್ಯಾಮೆರಾ ಕೈಗೆ ಕೊಡುವ ಹೊತ್ತಿಗೆ ಕೊನೆಯ ಬಾತು ಕೂಡ ನೀರಿಗಿಳಿದು ಆಗಿತ್ತು. ಇನ್ನೊಮ್ಮೆ ಮುರಿದ ಗೋಡೆಯೊಂದರ ಮೇಲೆ ಬಿಸಿಲು ಬಿದ್ದಿತ್ತು, ಬಿಸಿಲಿಗೂ ಪುರಸೊತ್ತಿರಲಿಲ್ಲ. ಆಮೇಲಾಮೇಲೆ ಅವಳು ನಿಲ್ಲಿಸಿ ಎನ್ನುವುದನ್ನೇ ಬಿಟ್ಟಳು. ಸುಮ್ಮನೆ ಒಂದು ಕಾಲು ನೆಲಕ್ಕೂರಿ ನೋಡಿ, ಮತ್ತೆ ತುಳಿದುಕೊಂಡು ಬರುವಳು. ಇವಳಿಗೂ ಈಗ ದಾರಿ ಒಗ್ಗಿತು, ಫೋಟೋದ ಹುಚ್ಚು ಇಳಿಯಿತು ಎಂದು ಅವನು ನಂಬಿದ. ನಂಬುವುದಕ್ಕೆ ಅನುಕೂಲವಾದದ್ದನ್ನು ನಂಬುವುದು ಅವನಿಗೆ ಯಾವತ್ತೂ ಕಷ್ಟವಾಗಿರಲಿಲ್ಲ.

ರಸ್ತೆಯ ಪಕ್ಕದಲ್ಲಿ ಹಳೆಯ ಟೆಲಿಫೋನ್ ಕಂಬಗಳು ಬರುತ್ತಿದ್ದವು, ತಂತಿಯಿಲ್ಲದೆ, ಕೆಲವು ವಾಲಿ, ಕೆಲವಕ್ಕೆ ಬಳ್ಳಿ ಹಬ್ಬಿ. ಈ ಕಂಬಗಳಿಗಾಗಿಯೇ ಸೈಕಲ್ಲು. "ಬಸ್ಸು ಕಂಬ ಬಿಟ್ಟು ಬೇರೆ ದಾರಿ ಹಿಡಿಯುತ್ತೆ, ನನಗೆ ಲೈನಿನ ಜೊತೆಗೇ ಹೋಗ್ಬೇಕು," ಎಂದಿದ್ದಳು. ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಈ ದಾರಿಯ ಊರುಗಳೆಲ್ಲ ಅವಳಿಗೆ ಹೆಸರಿನಿಂದ ಗೊತ್ತು, ಸದ್ದಿನಿಂದ ಗೊತ್ತು, ಯಾವ ಊರಿನ ಲೈನು ಗೊರಗೊರ ಎನ್ನುತ್ತದೆ, ಯಾವುದರಲ್ಲಿ ಮಾತು ಬಾವಿಯಿಂದ ಬಂದಂತೆ ಕೇಳುತ್ತದೆ ಎಂಬುದು ಗೊತ್ತು. ಒಂದನ್ನೂ ಕಣ್ಣಿನಿಂದ ನೋಡಿರಲಿಲ್ಲ. ಲೈನಿನ ಕೊನೆಯ ಊರಿನಲ್ಲಿ ಒಬ್ಬಳು ಆಪರೇಟರ್ ಇದ್ದಳು, ಇವಳಿಗಿಂತ ಹಿರಿಯಳು, ಇವಳ ಬಾಯಲ್ಲಿ ಬರೀ ಅಕ್ಕ. ದಿನಾ ಮಾತಾಡಿದವರು, ಒಮ್ಮೆಯೂ ಮುಖ ಕಂಡವರಲ್ಲ. ಆ ಊರಿನ ಎಕ್ಸ್‌ಚೇಂಜ್ ಕಟ್ಟಡವನ್ನು ಈ ವಾರ ಕೆಡವುತ್ತಾರಂತೆ. ಕೆಡವುವ ಮೊದಲು ಅದರ ಬಾಗಿಲಲ್ಲಿ ಇಬ್ಬರೂ ಒಟ್ಟಿಗೆ ನಿಂತು ಒಂದು ಫೋಟೋ. ಇಷ್ಟು ದೂರ ತುಳಿದದ್ದು ಅದಕ್ಕೆ. ಇವತ್ತು ಮಧ್ಯಾಹ್ನದ ಹೊತ್ತಿಗೆ ಆ ಊರು.

ಅವನು ಒಮ್ಮೆ, ಮದುವೆಯಾದ ಹೊಸದರಲ್ಲಿ, ಅವಳ ಆಫೀಸಿಗೆ ಹೋಗಿದ್ದ. ಮನೆಯ ಕೀಲಿ ಕೊಡುವುದಿತ್ತು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಹೆಂಗಸರು ಬೆನ್ನು ತೋರಿಸಿ ಸಾಲಾಗಿ ಕೂತಿದ್ದರು, ಎಲ್ಲರ ತಲೆಯ ಮೇಲೂ ಹೆಡ್‌ಫೋನಿನ ಪಟ್ಟಿ. ಅದರಲ್ಲಿ ಒಂದು ಬೆನ್ನು ಕುಲುಕುತ್ತಿತ್ತು. ಅದು ತನ್ನ ಹೆಂಡತಿಯ ಬೆನ್ನು, ಅವಳು ನಗುತ್ತಿದ್ದಾಳೆ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು, ಏಕೆಂದರೆ ಹಾಗೆ ಮೈಯೆಲ್ಲ ನಗುವ ಹೆಂಡತಿಯನ್ನು ಅವನು ಮನೆಯಲ್ಲಿ ಕಂಡಿರಲಿಲ್ಲ. "ಅಯ್ಯೋ ಅಕ್ಕಾ, ಸಾಕು, ಹೊಟ್ಟೆ ಹುಣ್ಣಾಗುತ್ತೆ," ಎನ್ನುತ್ತಿದ್ದಳು. ಅವನು ಕರೆಯಲಿಲ್ಲ. ಕೀಲಿಯನ್ನು ಕಾವಲುಗಾರನ ಕೈಗೆ ಕೊಟ್ಟು ಬಂದ. ಸಂಜೆ ಅವಳು ಮನೆಗೆ ಬಂದು ಚಪ್ಪಲಿ ಬಿಟ್ಟು ಒಲೆಯ ಮುಂದೆ ನಿಂತಾಗ, "ಇವತ್ತೇನು ವಿಶೇಷ?" ಎಂದು ಕೇಳಿದ. "ಏನಿರುತ್ತೆ, ಕೆಲಸ," ಎಂದಳು. ಅವನ ಗಂಟಲಿನವರೆಗೆ ಬಂದ ಪ್ರಶ್ನೆ ಅಲ್ಲಿಂದಲೇ ವಾಪಸ್ಸಾಯಿತು. ಆ ಊರಿನಲ್ಲಿ ಅಷ್ಟು ನಗುವಂಥದ್ದು ಏನಿದೆ? ತನ್ನ ಮೇಲೇ ಇರಬಹುದೇ ಆ ನಗು? ಈ ಸಂಶಯಕ್ಕೆ ಅವನು ಗಾಳಿ ಬೆಳಕು ತಾಗದಂತೆ ಹುಲ್ಲು ತುರುಕಿ ಇಟ್ಟುಕೊಂಡು ಬಂದಿದ್ದ, ಅದು ಒಡೆಯಲೂ ಇಲ್ಲ, ಕೊಳೆಯಲೂ ಇಲ್ಲ.

ಇದನ್ನೆಲ್ಲ ಈಗ ಯಾಕೆ ನೆನೆಯುತ್ತಿದ್ದೇನೆ ಎಂದು ಗೊತ್ತಿದ್ದೂ ಅವನು ಗೊತ್ತಿಲ್ಲದವನಂತೆ ತುಳಿಯುತ್ತಿದ್ದ. ನಿನ್ನೆ ಲಾಡ್ಜಿನ ಮೆಟ್ಟಿಲಲ್ಲಿ ಕಿಣಿಕ್ ಎಂದಾಗ, ಮೊದಲು ಆದದ್ದು ಹೆದರಿಕೆಯಲ್ಲ. ಹೆದರಿಕೆ ಆಮೇಲೆ ಬಂತು, ಸಭ್ಯಸ್ಥರ ಹಾಗೆ ಬಾಗಿಲು ತಟ್ಟಿ. ಮೊದಲು, ಒಂದೇ ಒಂದು ಗಳಿಗೆ, ಎದೆಯೊಳಗೆ ಏನೋ ಸಡಿಲವಾಯಿತು, ಹಾಯೆನಿಸಿತು. ಫೋಟೋ ಇಲ್ಲ. ಆ ಇಬ್ಬರೂ ಜೊತೆಯಲ್ಲಿ ನಿಂತದ್ದು ಎಲ್ಲೂ ಇರುವುದಿಲ್ಲ, ಗೋಡೆಗೆ ತೂಗುವುದಿಲ್ಲ, ತಾನು ದಿನಾ ಅದರ ಮುಂದೆ ಕೂತು ಉಣ್ಣಬೇಕಾಗಿಲ್ಲ. ಲಾಡ್ಜಿನ ಎದುರಿಗೇ ಒಂದು ಫೋಟೋ ಸ್ಟುಡಿಯೋ ಇತ್ತು, ದೀಪ ಉರಿಯುತ್ತಿತ್ತು, ಬಾಗಿಲಲ್ಲಿ "ಕ್ಯಾಮೆರಾ ರಿಪೇರಿ" ಎಂದು ಬೋರ್ಡು. ಕಿಟಕಿಯಿಂದ ಅವನು ಅದನ್ನು ಓದಿದ, ಕಿಟಕಿಯ ಪರದೆ ಎಳೆದ. ಸಣ್ಣತನ ಎಂಬುದು ಎಲ್ಲಿಂದಲೋ ಬಂದು ಮೈಮೇಲೆ ಬೀಳುವುದಲ್ಲ, ಹೀಗೆ ಪರದೆಯ ತುದಿ ಹಿಡಿದ ಎರಡು ಬೆರಳಿನಲ್ಲಿ ಇರುತ್ತದೆ.

ಕೊನೆಯ ಊರಿಗಿಂತ ಮುಂಚಿನ ಕೂಡುರಸ್ತೆಯಲ್ಲಿ ಅವಳೇ ಸೈಕಲ್ ನಿಲ್ಲಿಸಿದಳು. ದೊಡ್ಡ ಮರ, ಅದರ ಬುಡದಲ್ಲಿ ಕಲ್ಲಿನ ಬೆಂಚು, ರಸ್ತೆಯಾಚೆ ಒಂದು ಟೀ ಅಂಗಡಿ. "ಅಕ್ಕಂಗೆ ಒಂದು ಫೋನ್ ಮಾಡ್ತೀನಿ, ನೀರೂ ತುಂಬಿಸ್ಕೊಂಡು ಬರ್ತೀನಿ, ನೀವು ಕೂತಿರಿ," ಎಂದು ಬಾಟಲಿಗಳನ್ನು ಹಿಡಿದು ಹೋದಳು. ಅವಳು ರಸ್ತೆ ದಾಟಿದ್ದೇ ತಡ, ಅವನು ಪೆಟ್ಟಿಗೆಯನ್ನು ಬೆಂಚಿನ ಮೇಲಿಳಿಸಿ ಬಿಚ್ಚಿದ. ಹುಲ್ಲು ಇಟ್ಟ ಹಾಗೇ ಇತ್ತು. ಶಾಲಿನಲ್ಲಿ ಒಂದು ಸುಕ್ಕಿರಲಿಲ್ಲ. ಕ್ಯಾಮೆರಾದ ಮೈಮೇಲೆ ಒಂದು ಗೀರಿರಲಿಲ್ಲ. ಲೆನ್ಸಿನ ಮುಂದಿನ ಬಳೆಯನ್ನು ಬೆರಳಿನಿಂದ ಮುಟ್ಟಿದ. ಅದು ಬೀಳಲಿರುವ ಹಲ್ಲಿನಂತೆ ಆಚೀಚೆ ಆಡಿತು. ಮೂರು ಸ್ಕ್ರೂ ಇರಬೇಕಾದಲ್ಲಿ ಒಂದು ಮಾತ್ರ, ಅದೂ ಸಡಿಲ. ಉಳಿದೆರಡು ಶಾಲಿನ ಮಡಿಕೆಯಲ್ಲಿ ಸಿಕ್ಕವು, ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡವು. ಪೆಟ್ಟು ಬಿದ್ದು ಒಡೆದದ್ದಲ್ಲ. ರಸ್ತೆಯ ನಡುಕ ದಿನವಿಡೀ, ದಿನದಿನವೂ, ಹಗ್ಗ ಬಿಗಿದಷ್ಟೂ ನೇರವಾಗಿ ಒಳಗಿಳಿದು, ಎಳೆ ಎಳೆಯಾಗಿ ತಿರುಗಿಸಿ ಬಿಚ್ಚಿಹಾಕಿದೆ. ಗಾಜಿಗೆ ಸ್ಕ್ರೂ ಇರುವುದಿಲ್ಲ. ಇಷ್ಟು ವರ್ಷ ಕಟ್ಟಿದ ಯಾವ ಮಾಲಿನೊಳಗೂ ಬಿಚ್ಚಿಕೊಳ್ಳುವಂಥದ್ದು ಏನೂ ಇರಲೇ ಇಲ್ಲ ಎಂಬುದು ಅವನಿಗೆ ಆ ಬೆಂಚಿನ ಮೇಲೆ ಹೊಳೆಯಿತು. ಅವನಿಗೆ ಅವಮಾನವಾಯಿತು, ಅಳು ಬರುವಷ್ಟು ಅವಮಾನವಾಯಿತು. ಎರಡು ಕೈಯಲ್ಲೂ ಕ್ಯಾಮೆರಾ ಹಿಡಿಯಬೇಕಾಗಿ ಬಂದಾಗ, ಮೊಳೆಗಳನ್ನು ತುಟಿಯ ನಡುವೆ ಕಚ್ಚಿಕೊಂಡು ಪೆಟ್ಟಿಗೆ ಹೊಡೆದ ಹಳೇ ಚಾಳಿಯಲ್ಲಿ, ಎರಡು ಸ್ಕ್ರೂಗಳನ್ನೂ ತುಟಿಗಳ ನಡುವೆ ಇಟ್ಟುಕೊಂಡ.

"ಬಿಚ್ಚಿದ್ರಾ? ಒಳ್ಳೇದಾಯ್ತು!" ಹೆಂಡತಿ ಹಿಂದೆಯೇ ನಿಂತಿದ್ದಳು.

ಅವನು ಕ್ಯಾಮೆರಾವನ್ನು ಶಾಲಿನಲ್ಲಿ ಮುಚ್ಚಿದ. ತುಟಿಗಳನ್ನೂ ಮುಚ್ಚಿದ. ಬಾಯಿ ಬಿಟ್ಟರೆ ಬಣ್ಣಗೇಡು.

"ಅಕ್ಕ ಮನೇಲಿಲ್ಲ, ಬೆಳಗ್ಗೇನೇ ಕುರ್ಚಿ ತಗೊಂಡು ಹೋಗಿ ಕಟ್ಟಡದ ಬಾಗಿಲಲ್ಲಿ ಕೂತಿದ್ದಾರಂತೆ. ಕೆಡವೋರು ಬಂದು ಏಳಿ ಅಂದ್ರೂ, ಫೋಟೋ ಆಗೋವರೆಗೂ ಒಂದು ಇಟ್ಟಿಗೆ ಮುಟ್ಟೋ ಹಾಗಿಲ್ಲ ಅಂದ್ರಂತೆ." ಅವಳು ಬಾಟಲಿಗಳನ್ನು ಕೆಳಗಿಟ್ಟು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಅವನು ಏನೂ ಹೇಳದಿರುವುದನ್ನು ಕಂಡು, ಅದನ್ನು ಬೇರೇನೋ ಎಂದು ತಿಳಿದು, ಮೆಲ್ಲಗೆ ಮುಂದುವರಿದಳು. "ನಿಮಗೆ ಬೇಜಾರಾಗಿದೆ ಅಂತ ಗೊತ್ತು. ಇಷ್ಟು ದೂರ ಎಳ್ಕೊಂಡು ಬಂದೆ. ದಾರೀಲಿ ಎಷ್ಟೋ ಫೋಟೋ ಹೋಯ್ತು, ನಾನೇನಾದ್ರೂ ಅಂದ್ನಾ? ಬಾತು ಹೋಯ್ತು, ಇರಲಿ. ನಿಮ್ಮ ಕೆಲಸಕ್ಕೆ ಕೈ ಹಾಕಬಾರದು ಅಂತ ಸುಮ್ನಿದ್ದೆ. ಈ ಒಂದು ಮಾತ್ರ ಬೇಕು ಕಣ್ರೀ ನನಗೆ. ಅಲ್ಲಿಗೆ ಹೋದ ಕೂಡ್ಲೇ ಬೇಗ ಬಿಚ್ಚಿ ಕೊಟ್ಟುಬಿಡಿ. ಕೊಡ್ತೀರಾ?"

ಅವಳು ಇಷ್ಟುದ್ದ ಮಾತನ್ನು ಅವನ ಮುಂದೆ ಒಂದೇ ಉಸಿರಿಗೆ ಆಡಿದ್ದು ಅವನಿಗೆ ನೆನಪಿರಲಿಲ್ಲ. ತಾನು ನಡುವೆ ಬಾಯಿ ಹಾಕದಿದ್ದರೆ ಇವಳಲ್ಲಿ ಇಷ್ಟು ಮಾತಿರುತ್ತದೆ.

"ಮಾತಾಡ್ರೀ. ಹ್ಞೂಂ ಅಂತಾದ್ರೂ ಅನ್ನಿ."

"ಆಗ್ಲಿ," ಎಂದ. "ಆ" ಎಂಬಷ್ಟಕ್ಕೇ ತುಟಿ ತೆರೆದು, ಒಂದು ಸ್ಕ್ರೂ ನಾಲಿಗೆಯ ಮೇಲೆ ಜಾರಿ ಗಂಟಲಿಗಿಳಿಯಿತು. ಉಳಿದದ್ದನ್ನು ಅಂಗೈಗೆ ಉಗುಳಿ ಅವನು ಕೆಮ್ಮಿದ, ಎದೆ ಗುದ್ದಿಕೊಂಡ. ಅವಳು ಎದ್ದುಬಂದು ಬೆನ್ನು ತಟ್ಟಿ ನೀರು ಕುಡಿಸಿದಳು. ನೀರಿನೊಂದಿಗೆ ಅದು ಸಲೀಸಾಗಿ ಒಳಗೆ ಹೋಯಿತು.

"ಏನ್ರೀ? ಏನಾಯ್ತು?"

"ನುಂಗಿಬಿಟ್ಟೆ," ಎಂದು ಉಳಿದ ಒಂದಿದ್ದ ಅಂಗೈಯನ್ನು ಚಾಚಿದ. ಇನ್ನೊಂದು ಕೈಯಿಂದ ಶಾಲು ಸರಿಸಿದ.

ಅವಳು ಬಳೆಯನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿದಳು. "ಯಾವಾಗಿಂದ?"

"ನಿನ್ನೆ ಸಂಜೆ ಸದ್ದು ಕೇಳ್ತು. ಲಾಡ್ಜಿನ ಮೆಟ್ಟಿಲಲ್ಲಿ."

"ನಿನ್ನೆ ಸಂಜೆನೇ ಗೊತ್ತಿತ್ತಾ? ಎದುರಿಗೇ ರಿಪೇರಿ ಅಂಗಡಿ ಇತ್ತಲ್ರೀ!"

"ಇತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

ಹೇಳಲು ಎಷ್ಟೋ ಇತ್ತು. ಆಯಾಸವಾಗಿತ್ತು, ಕೀಲಿ ಎಂದುಕೊಂಡೆ, ನಿನಗೆ ಯಾಕೆ ಸುಮ್ಮನೆ ಗಾಬರಿ. ಎಲ್ಲವೂ ನಾಲಿಗೆಯ ತುದಿಯಲ್ಲಿ ತಯಾರಾಗಿದ್ದವು, ಆದರೆ ನಾಲಿಗೆಗೆ ಇನ್ನೂ ಕಬ್ಬಿಣದ ರುಚಿ ಹತ್ತಿತ್ತು. "ಸಮಾಧಾನ ಆಯ್ತು ಕಣೇ," ಎಂದ. "ಸದ್ದು ಕೇಳಿದಾಗ ಒಂದು ಗಳಿಗೆ ಸಮಾಧಾನ ಆಯ್ತು. ಫೋಟೋ ತೆಗೆಯೋ ಹಾಗಿಲ್ಲವಲ್ಲ ಅಂತ. ಯಾಕೆ ಅಂತ ಕೇಳಬೇಡ. ನೀನು ಅವಳ ಜೊತೆ ಆಫೀಸಲ್ಲಿ ನಗ್ತಿದ್ದೆ, ನಾನು ಬಾಗಿಲಲ್ಲಿ ನಿಂತು ನೋಡಿದ್ದೆ. ಅವತ್ತಿಂದ."

ಅವಳು ಅವನ ಅಂಗೈಯಿಂದ ಸ್ಕ್ರೂವನ್ನು ಎತ್ತಿ ಬೆಳಕಿಗೆ ಹಿಡಿದಳು. ಬಯ್ಯುತ್ತಾಳೆ ಎಂದುಕೊಂಡ, ಅಳುತ್ತಾಳೆ ಎಂದುಕೊಂಡ, ಇರಲಿ ಬಿಡಿ ಎಂದುಬಿಟ್ಟರೆ ಏನು ಗತಿ ಎಂದು ಹೆದರಿದ.

"ನಿಮ್ಮ ಶೆಡ್ಡಲ್ಲಿ ಯಾರದಾದ್ರೂ ಪೆಟ್ಟಿಗೆ ಸದ್ದು ಮಾಡಿದ್ರೆ ನೀವೇನ್ ಮಾಡ್ತಿದ್ರಿ?" ಎಂದು ಕೇಳಿದಳು.

"ವಾಪಸ್ ಕಳಿಸ್ತಿದ್ದೆ. ಬಿಚ್ಚಿಸ್ತಿದ್ದೆ."

"ಮತ್ತೆ?"

ಅಷ್ಟೇ. ಅವಳು ಚೀಲದಿಂದ ಹಣ್ಣು ಕತ್ತರಿಸುವ ಚೂರಿ ತೆಗೆದು, ಅದರ ಮೊನೆಯಿಂದ ಸ್ಕ್ರೂ ಕೂರಿಸಿ ತಿರುಗಿಸಿದಳು, ಸಡಿಲವಾಗಿದ್ದ ಇನ್ನೊಂದನ್ನೂ ಬಿಗಿ ಮಾಡಿದಳು. ಮೂರನೆಯದರ ತೂತು ಖಾಲಿ ಉಳಿಯಿತು. ಬಳೆ ನಿಂತಿತು, ಆದರೆ ಒಂದು ಕಡೆ ಬೆರಳು ಕೊಡದಿದ್ದರೆ ವಾಲುತ್ತಿತ್ತು. ಕ್ಯಾಮೆರಾದ ಪಟ್ಟಿಯನ್ನು ಕತ್ತಿಗೆ ಹಾಕಿಕೊಂಡು, ಶಾಲನ್ನು ಅದರ ಮೇಲೆ ಎದೆಗೆ ಸುತ್ತಿ ಗಂಟು ಹಾಕಿ, ಸೈಕಲ್ ಹತ್ತಿ ಹೊರಟೇಬಿಟ್ಟಳು. ಅವನು ಖಾಲಿ ಪೆಟ್ಟಿಗೆಯನ್ನು ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕ್ಯಾರಿಯರಿಗೇ ಕಟ್ಟಿ ಹಿಂದೆ ತುಳಿದ. ಈ ಪ್ರಯಾಣದಲ್ಲಿ ಅವಳು ಮುಂದೆ ಹೋದದ್ದು ಅದೇ ಮೊದಲು. ಗುಂಡಿ ಬಂದಲ್ಲಿ ಅವಳು ಸೀಟಿನಿಂದ ಎದ್ದು ಮೊಣಕಾಲು ಮಡಿಸಿ ನಿಲ್ಲುತ್ತಿದ್ದಳು. ಸೈಕಲ್ಲು ಕುಣಿಯುತ್ತಿತ್ತು, ಎದೆಯ ಹತ್ತಿರದ ಗಂಟು ಕುಣಿಯುತ್ತಿರಲಿಲ್ಲ. ದಾರಿಯಲ್ಲಿ ಒಮ್ಮೆ ಮಾತ್ರ ಹಿಂತಿರುಗಿ, "ಹೊಟ್ಟೆ ನೋವು ಬಂದ್ರೆ ಹೇಳಿ. ಅದನ್ನಾದ್ರೂ ಹೇಳಿ," ಎಂದಳು. ಅವನಿಗೆ ಆ ಮಾತು ಹೊಡೆದ ಹಾಗೂ ಆಯಿತು, ಸವರಿದ ಹಾಗೂ ಆಯಿತು.

ಊರಿನ ಮುಖ್ಯ ಬೀದಿಯ ಕೊನೆಯಲ್ಲಿ ಕಟ್ಟಡವಿತ್ತು, ಸುತ್ತ ತಗಡಿನ ಬೇಲಿ, ಬೇಲಿಯ ಹೊರಗೆ ಹಾರೆ ಪಿಕಾಸಿ ಒರಗಿಸಿಟ್ಟು ಕೂತ ಕೆಲಸಗಾರರು. ಬಾಗಿಲಿನ ಮೆಟ್ಟಿಲ ಮೇಲೆ ಕುರ್ಚಿ ಹಾಕಿಕೊಂಡು ಒಬ್ಬ ದಪ್ಪ ಮುದುಕಿ ಕೈಯಲ್ಲಿ ಕೋಲು ಹಿಡಿದು ಕೂತಿದ್ದಳು. ಸೈಕಲ್ಲಿನಿಂದಿಳಿದ ಇಬ್ಬರನ್ನೂ ಅವಳು ಅಪರಿಚಿತರನ್ನು ನೋಡುವಂತೆಯೇ ನೋಡಿದಳು. ಹೆಂಡತಿಯೂ ಮುಂದೆ ಹೋಗದೆ ನಿಂತಳು, ಈ ಮುಖಕ್ಕೂ ಆ ದನಿಗೂ ಹೊಂದಿಸಲಾರದವಳಂತೆ. ಆಮೇಲೆ ಗಂಟಲು ಸರಿಮಾಡಿಕೊಂಡು, ಅವನು ಕೇಳಿಯೇ ಇರದ ತೆಳ್ಳಗಿನ ಚುರುಕು ದನಿಯಲ್ಲಿ, "ನಮಸ್ಕಾರ, ಯಾವ ನಂಬರ್ ಬೇಕು?" ಎಂದಳು.

ಮುದುಕಿ ಕಣ್ಣು ಮುಚ್ಚಿದಳು. ಅವಳ ಮುಖವೆಲ್ಲ ಕದಲಿತು. "ಲೈನ್ ಬಿಜಿ ಇದೆ, ಕಾಯ್ತೀರಾ?" ಎಂದಳು, ಕಣ್ಣು ಮುಚ್ಚಿಕೊಂಡೇ, ಕೈಗಳನ್ನು ಮುಂದೆ ಚಾಚಿ.

ಅವರಿಬ್ಬರೂ ಒಬ್ಬರನ್ನೊಬ್ಬರು ಬಿಟ್ಟಮೇಲೆ ಮುದುಕಿ ಅವನ ಕಡೆ ತಿರುಗಿದಳು. ಅವನು ಸೈಕಲ್ ಹಿಡಿದು ದೂರದಲ್ಲೇ ನಿಂತಿದ್ದ. "ಇವರೇನಾ ಸೂಲಗಿತ್ತಿ?" ಎಂದಳು. ಅವನ ಕಿವಿ ಬಿಸಿಯಾಯಿತು. ಅಂದರೆ ನಿಜ, ತನ್ನ ಮೇಲೆಯೇ ಆ ನಗು. "ಬನ್ನಿ ಸ್ವಾಮಿ, ಹತ್ರ ಬನ್ನಿ. ನಿಮ್ಮ ವಿಷಯ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಎಲ್ಲರೂ ಗಂಡನ್ನ ಬಯ್ಯೋಕೆ ಲೈನ್ ಹಿಡಿದ್ರೆ ಇವಳು ಹೊಗಳೋಕೆ ಹಿಡೀತಿದ್ಳು. ಇವತ್ತು ನಮ್ಮೋರು ಇಷ್ಟು ಪೆಟ್ಟಿಗೆ ಕಟ್ಟಿದ್ರು ಅಕ್ಕಾ, ಹಡಗಿನಲ್ಲಿ ಹೋಯ್ತು ಅಕ್ಕಾ, ಒಂದು ಗೀರಿಲ್ಲ ಅಕ್ಕಾ. ಹಾಗಾದ್ರೆ ರಾತ್ರಿ ನಿನ್ನನ್ನೂ ಹುಲ್ಲಲ್ಲಿ ಸುತ್ತಿ ಮಲಗಿಸ್ತಾರೇನೆ ಅಂತ ನಾನು ರೇಗಿಸಿದ್ರೆ ಬಿದ್ದು ಬಿದ್ದು ನಗೋಳು. ಒಂದೂ ಒಡೆದಿಲ್ಲವಂತಲ್ಲ ನಿಮ್ಮ ಕೈಯಲ್ಲಿ?"

ಹೆಂಡತಿ ನೆಲ ನೋಡುತ್ತಿದ್ದಳು. ಅವಳ ಕಿವಿಯೂ ಕೆಂಪಾಗಿತ್ತು. ಮನೆಯಲ್ಲಿ ಒಮ್ಮೆಯೂ ಹೇಳದಿದ್ದ ಮಾತುಗಳು ಬೀದಿಯಲ್ಲಿ, ಪಿಕಾಸಿ ಹಿಡಿದವರ ಮುಂದೆ, ಹೀಗೆ ಬಿಚ್ಚಿಬಿದ್ದದ್ದಕ್ಕೆ ನಾಚಿಕೊಂಡಿದ್ದಳು.

"ಒಂದು ಒಡೆದಿದ್ದೀನಿ," ಎಂದ.

"ಯಾವುದು?"

"ಇದು, ಅಕ್ಕ," ಎಂದು ಹೆಂಡತಿ ಎದೆಯ ಗಂಟು ಬಿಚ್ಚಿ ಕ್ಯಾಮೆರಾವನ್ನು ಕತ್ತಿನಿಂದ ತೆಗೆದಳು. "ಆದ್ರೂ ನಡೆಯುತ್ತೆ. ಏಳಿ, ಬಾಗಿಲಲ್ಲಿ ನಿಂತ್ಕೊಳ್ಳೋಣ." ಅವನ ಹತ್ತಿರ ಬಂದು ಕ್ಯಾಮೆರಾ ಕೈಗೆ ಕೊಟ್ಟಳು. ಅವನ ಎಡಗೈಯ ತೋರುಬೆರಳನ್ನು ಹಿಡಿದು ಖಾಲಿ ತೂತಿರುವ ಕಡೆ ಬಳೆಯ ಮೇಲೆ ಇಟ್ಟಳು. "ಇಲ್ಲಿ. ಬಿಗಿಯಾಗಿ ಒತ್ತಬೇಡಿ, ಮಂಜಾಗುತ್ತೆ. ಸುಮ್ನೆ ಬೆರಳು ಕೊಟ್ಟಿರಿ."

ಅವನು ಕ್ಯಾಮೆರಾಕ್ಕೆ ಕಣ್ಣಿಟ್ಟು ನೋಡಿದ. ಬಾಗಿಲು, ಬಾಗಿಲ ಮೇಲೆ ಬಣ್ಣ ಹೋದ ಬೋರ್ಡು, ಕೆಳಗೆ ಇಬ್ಬರು ಹೆಂಗಸರು. ಮೊದಲು ಎಲ್ಲ ಮಸುಕಾಗಿತ್ತು. ಬೆರಳನ್ನು ಸ್ವಲ್ಪ ಸಡಿಲಿಸಿದಾಗ ಸ್ಪಷ್ಟವಾಯಿತು. ಮುದುಕಿ ಹೆಂಡತಿಯ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದಳು. ಹೆಂಡತಿಯ ಭುಜ ಕುಲುಕಿತು, ಬೆನ್ನು ಕುಲುಕಿತು, "ಅಯ್ಯೋ ಅಕ್ಕಾ, ಸಾಕು" ಎಂದು ಅವಳ ತಲೆ ಹಿಂದಕ್ಕೆ ಹೋಯಿತು. ಅರ್ಧ ತೆರೆದ ಬಾಗಿಲಲ್ಲಿ ಕೀಲಿ ಹಿಡಿದು ನಿಂತು ಹಿಂದಿನಿಂದ ನೋಡಿದ್ದ ಆ ನಗುವಿಗೆ ಒಂದು ಮುಖವಿತ್ತು. ಅದು ಈಗ ಅವನ ಕಡೆಗೇ ತಿರುಗಿತ್ತು. ಅವನು ಗುಂಡಿ ಒತ್ತಿದ.

"ಬಂತೇನ್ರೀ?" ಅವಳು ನಗು ಒರೆಸಿಕೊಳ್ಳುತ್ತ ಕೂಗಿದಳು.

"ಇಲ್ಲ," ಎಂದ, ಕಣ್ಣು ತೆಗೆಯದೆ. "ಕೈ ಅಲುಗಾಡಿತು. ಇನ್ನೊಂದು ಸಲ ನಗಿ."